ಲಮಾರಾ ಚಿಕ್ಕಮ್ಮನ ಪಾಲು

ಸೆಪ್ಟೆಂಬರ್ ೩೦, ಮಂಗಳವಾರ

ಅಡಿಗೆಮನೆಯ ಕಪಾಟನ್ನು ಮತ್ತೆ ಜೋಡಿಸಿದೆ. ಸಂಜೆಯಾಯಿತೆಂದರೆ ಕೈಗಳಿಗೆ ಏನಾದರೂ ಕೆಲಸ ಕೊಡಬೇಕು, ಇಲ್ಲದಿದ್ದರೆ ತಾವೇ ಹುಡುಕಿಕೊಂಡು ಹೋಗುತ್ತವೆ. ಮೊದಲು ಹೂವಿನ ಚಿತ್ರದ ಚಹಾ ಪಾತ್ರೆಯ ಕಡೆ ಹೋಗುತ್ತಿದ್ದವು. ಅದರಲ್ಲಿ ಚಹಾ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಅದನ್ನು ಕೆಳಗಿನ ಮನೆಯ ಮುದುಕಿಗೆ ಕೊಟ್ಟುಬಿಟ್ಟೆ. ಆಕೆ ಅದರಲ್ಲಿ ಜೆರೇನಿಯಂ ನೆಟ್ಟಿದ್ದಾಳೆ.

ಯಾಕೆ ಬಿಟ್ಟೆ ಎಂದು ಯಾರೂ ಕೇಳಿಲ್ಲ. ಕುಡಿಯುತ್ತಿದ್ದೆನೆಂದು ಗೊತ್ತಿದ್ದರೆ ತಾನೇ ಕೇಳುವುದು? ಇಲ್ಲಿ ಬರೆದಿಟ್ಟರೆ ಸಾಕು. ಒಂದು ಮಧ್ಯಾಹ್ನ ಕವಿತೆಯೊಂದನ್ನು ಓದುತ್ತಿದ್ದೆ, ಕಾಲೇಜಿನ ಕಾಲದಿಂದ ಬಾಯಿಗೆ ಬರುತ್ತಿದ್ದ ಚಿಕ್ಕ ಕವಿತೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಜಾರಿ ಹೋಗಿತ್ತು. ಮತ್ತೆ ಮೊದಲಿನಿಂದ. ಮತ್ತೆ. ಕತ್ತಲಾಗುವವರೆಗೂ ಮೂರೇ ಸಾಲು. ಬೇರೆಯವರ ಪದ್ಯಗಳನ್ನು ತಿದ್ದಿ ಅಚ್ಚಿಗೆ ಕಳಿಸುವುದೇ ನನ್ನ ಉದ್ಯೋಗ. ಅವತ್ತೇ ಬಿಟ್ಟೆ.

ಇವತ್ತು ರುಸುದಾನ್ ಫೋನ್ ಮಾಡಿದಳು. ಅವಳ ಅಮ್ಮ ಲಮಾರಾ ಚಿಕ್ಕಮ್ಮ ತೀರಿಕೊಂಡು ವರ್ಷವಾಯಿತು. ಹೋದ ವಾರ ವರ್ಷದ ಊಟ ಮುಗಿಸಿ ಕಪ್ಪು ಬಟ್ಟೆ ತೆಗೆದಿಟ್ಟಿದ್ದಾಳೆ. ಆ ದಿನ ಬಂದ ಜನಕ್ಕೆ ಬಡಿಸುವುದರಲ್ಲಿ ಅವಳು ಕೂತು ಒಂದು ಲೋಟ ಎತ್ತಲೂ ಆಗಲಿಲ್ಲ.

"ಪಿಕೋ, ರೆಡಿಯಾಗು. ಮುಂದಿನ ಶುಕ್ರವಾರ ರಾಚಾ ಬೆಟ್ಟಕ್ಕೆ. ನಾನು, ನೀನು, ಇಂಗಾ. ಸಿಕ್ಕ ಸಿಕ್ಕ ವೈನ್ ಮನೆಗೆಲ್ಲ ನುಗ್ಗೋದು. ದ್ರಾಕ್ಷಿ ಕೊಯ್ಲು ಬೇರೆ ನಡೀತಿದೆ."

"ನನಗೆ ಪ್ರೂಫ್ ನೋಡೋದಿದೆ ಕಣೇ."

"ನಿನ್ನ ಕವಿಗಳೆಲ್ಲ ಸತ್ತು ನೂರು ವರ್ಷ ಆಗಿದೆ. ಇನ್ನೊಂದು ವಾರ ಕಾಯ್ತಾರೆ ಬಿಡು. ಅಮ್ಮನ ಹೆಸರಲ್ಲಿ ಮೊದಲನೇ ಲೋಟ ನಿನ್ನ ಜೊತೆಗೇ ಎತ್ತಬೇಕು ಅಂತ ನಾನು ವರ್ಷದಿಂದ ಕಾದಿದೀನಿ. ಬರಲ್ಲ ಅಂದ್ರೆ ಮನೆಗೇ ಬಂದು ಹೊತ್ಕೊಂಡು ಹೋಗ್ತೀನಿ."

ಬರುತ್ತೇನೆ ಅಂದೆ. ಫೋನ್ ಇಟ್ಟ ಮೇಲೇ ಕಪಾಟಿಗೆ ಕೈ ಹಾಕಿದ್ದು.

ಅಕ್ಟೋಬರ್ ೪, ಶನಿವಾರ

ಉಪಾಯ ಹೊಳೆಯಿತು. ಕಾರು ನಾನೇ ಓಡಿಸುತ್ತೇನೆ! ನಮ್ಮಲ್ಲಿ ಲೋಟ ಬೇಡ ಎನ್ನಲು ದೇವರು ಒಪ್ಪುವ ಕಾರಣಗಳು ಎರಡೇ: ಒಂದು ಸ್ಟಿಯರಿಂಗ್, ಇನ್ನೊಂದು ಬಸುರು. ಎರಡನೆಯದಕ್ಕೆ ನನ್ನ ವಯಸ್ಸು ಮೀರಿದೆ.

ರುಸುದಾನ್‌ಗೆ ಹೇಳಿದಾಗ ಅವಳು ನಕ್ಕಳು. "ನೀನಾ? ನಕೆರಾಲಾ ಘಾಟಿಯಲ್ಲಿ? ಆ ತಿರುವುಗಳಲ್ಲಿ ನೀನು ಮೋಡ ನೋಡ್ತಾ ಕೂತ್ರೆ ನಾವು ಸೀದಾ ಅಮ್ಮನ ಹತ್ರಾನೇ ಹೋಗ್ತೀವಿ." ಆದರೂ ಒಪ್ಪಿದಳು.

ಇವತ್ತು ಟೈರಿಗೆ ಗಾಳಿ ಹಾಕಿಸಿದೆ. ಗಾಜು ಒರೆಸಿದೆ. ಹಾಯೆನಿಸಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೆಳಗಿಳಿದು ಹೋಗಿ ಇನ್ನೊಮ್ಮೆ ಒರೆಸಿದೆ.

ಅಕ್ಟೋಬರ್ ೯, ಗುರುವಾರ

ಹಾಳಾಗಿ ಹೋಯಿತು. ರುಸುದಾನ್ ಬಾಡಿಗೆಗೆ ವ್ಯಾನ್ ಮಾಡಿದ್ದಾಳೆ, ಡ್ರೈವರ್ ಸಮೇತ. "ನೀನೊಬ್ಳೇ ಒಣಗಿದ ಬಾಯಲ್ಲಿ ಕೂತಿರೋದು ನಂಗೆ ನೋಡಕ್ಕಾಗಲ್ಲ, ಅದಕ್ಕೇ!" ಎಂದಳು. ಅವಳ ದನಿಯಲ್ಲಿ ಎಂಥ ಖುಷಿ. ಥ್ಯಾಂಕ್ಸ್ ಅಂದೆ. ಇನ್ನೇನು ಹೇಳಲಿ.

ಒಂದು ಲೋಟದಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಬಹುದು. ನನಗೆ ಒಂದು ಲೋಟ ಎಂಬುದು ಇಲ್ಲ. ಮೊದಲನೆಯದು ಇದೆ, ಅದರ ಆಚೆಗೆ ಲೆಕ್ಕವಿಲ್ಲ.

ಬಟ್ಟೆ ತುಂಬಿಕೊಂಡೆ, ತೆಗೆದೆ, ಮತ್ತೆ ತುಂಬಿದೆ. ಹೋಗದಿದ್ದರೆ? ಲಮಾರಾ ಚಿಕ್ಕಮ್ಮನ ಹೆಸರಿನ ಮೊದಲ ಲೋಟ. ಹೋಗದಿದ್ದರೆ ರುಸುದಾನ್ ನನ್ನ ಮುಖ ನೋಡುವುದಿಲ್ಲ. ಇರುವ ಗೆಳತಿ ಅವಳೊಬ್ಬಳು. ಇಂಗಾ ಒಳ್ಳೆಯವಳು, ಆದರೆ ಅವಳು ರುಸುದಾನ್‌ಳಿಂದ ನನಗೆ ಬಂದವಳು.

ಅಕ್ಟೋಬರ್ ೧೧, ಶನಿವಾರ ಬೆಳಿಗ್ಗೆ, ಅಂಬ್ರೊಲೌರಿ

ನಿದ್ದೆ ಬಂದಿದ್ದು ಕಡಿಮೆ. ಕಿಟಕಿಯ ಹೊರಗೆ ರಿಯೋನಿ ನದಿಯ ಸದ್ದು. ಉಳಿದಿಬ್ಬರೂ ಇನ್ನೂ ಎದ್ದಿಲ್ಲ. ನಿನ್ನೆಯದನ್ನು ಬರೆಯುತ್ತೇನೆ.

ಡ್ರೈವರ್ ಹೆಸರು ತಾರಿಯೆಲ್. ರಾಚಾದವನೇ, ಅರವತ್ತರ ಹತ್ತಿರ. ತ್ಬಿಲಿಸಿ ಬಿಟ್ಟಾಗಿನಿಂದ ಒಂದೇ ವೇಗ. ಕತ್ತೆಗಾಡಿಯೊಂದು ನಮ್ಮನ್ನು ಹಿಂದೆ ಹಾಕೀತೆಂಬ ಹೆದರಿಕೆಯಾಗುವ ವೇಗ.

"ತಾರಿಯೆಲ್ಲಣ್ಣ, ಗೇರ್‌ನಲ್ಲಿದೆಯಾ ಗಾಡಿ?" ಎಂದು ರುಸುದಾನ್ ಕೇಳಿದಳು.

"ಇದೆ ಅಕ್ಕ."

"ಇಲ್ಲ, ನಿಮ್ಮೂರಿನವರು ನಿಧಾನ ಅಂತ ಕೇಳಿದ್ದೆ, ಆದ್ರೂ."

"ರಾಚಾದವನು ಓಡ್ತಿದಾನೆ ಅಂದ್ರೆ ಬೆಟ್ಟದಿಂದ ಉರುಳ್ತಿದಾನೆ ಅಂತ ಅರ್ಥ ಅಕ್ಕ. ನಿಮಗೆ ಹಾಗೆ ಹೋಗ್ಬೇಕಾ?"

ಘಾಟಿಯಲ್ಲಿ ಬೀಚ್ ಮರಗಳೆಲ್ಲ ಹಳದಿಗೆ ತಿರುಗಿದ್ದವು. ನಾನು ಅದನ್ನು ನೋಡಬೇಕಿತ್ತು. ನೋಡಲಿಲ್ಲ. ಏನು ಸುಳ್ಳು ಹೇಳುವುದೆಂದು ಒಂದೊಂದಾಗಿ ತೂಗಿ ನೋಡುತ್ತಿದ್ದೆ.

ಮೊದಲು ಹೋದದ್ದು ಹೊಸ ಕಟ್ಟಡದ ಜಾಗ. ಸ್ಟೀಲ್ ಟ್ಯಾಂಕುಗಳು, ಗಾಜಿನ ಗೋಡೆ, ಎದೆಗೆ ಹೆಸರಿನ ಪಟ್ಟಿ ಹಚ್ಚಿಕೊಂಡ ಹುಡುಗಿ. ಪ್ರತಿಯೊಬ್ಬರ ಮುಂದೆ ಪುಟ್ಟ ಬಕೆಟ್ ಇಟ್ಟಳು. ರುಚಿ ನೋಡಿ ಅದರಲ್ಲಿ ಉಗುಳಬಹುದಂತೆ.

"ಉಗುಳೋದಾ?" ರುಸುದಾನ್ ಬಕೆಟ್ಟಿನೊಳಗೆ ಇಣುಕಿದಳು. "ವೈನನ್ನ? ಏನಮ್ಮ, ಯಾರ ಮಗಳು ನೀನು?"

ಇಂಗಾ ದಂತವೈದ್ಯೆ. "ನನಗೆ ರೂಢಿ ಇದೆ. ಕ್ಲಿನಿಕ್‌ನಲ್ಲಿ ದಿನಾ ಎಲ್ಲರೂ ನನ್ನ ಮುಂದೆ ಉಗುಳ್ತಾನೇ ಇರ್ತಾರೆ," ಅಂದಳು.

ಅವರ ನಗುವಿನ ನಡುವೆ ನನ್ನ ಗ್ಲಾಸನ್ನು ಬಕೆಟ್ಟಿಗೆ ಬಗ್ಗಿಸಿದೆ. ಯಾರೂ ನೋಡಲಿಲ್ಲ. ಬೆರಳಿಗೆ ಒಂದು ಹನಿ ತಗುಲಿತು. ಕರವಸ್ತ್ರದಲ್ಲಿ ಒರೆಸಿದೆ, ಆಮೇಲೆ ಬಚ್ಚಲಿಗೆ ಹೋಗಿ ಸಾಬೂನು ಹಾಕಿ ತೊಳೆದೆ. ಆದರೂ ಮೂಗಿನ ಹತ್ತಿರ ಬೆರಳು ತರಲು ಮನಸ್ಸಾಗುತ್ತಿತ್ತು.

ಎರಡನೆಯದು ಬೆಟ್ಟದ ಮೇಲಿನ ಒಂದು ಮನೆ. ಯುವಕ ಗಂಡ, ಹೆಂಡತಿ, ಹೊಲಿಗೆ ಯಂತ್ರವನ್ನು ಸರಿಸಿ ಹಾಕಿದ ಮೇಜು. ಅಲ್ಲಿ ಬಕೆಟ್ ಇರಲಿಲ್ಲ. ನನ್ನ ಲೋಟ ತುಂಬುವ ಮೊದಲೇ ಅದರ ಬಾಯಿಗೆ ಅಂಗೈ ಮುಚ್ಚಿದೆ.

"ಬೇಡ. ಮಾತ್ರೆ ತಗೋತಿದೀನಿ."

"ಯಾವ ಮಾತ್ರೆ?" ರುಸುದಾನ್ ಕೇಳಿದಳು.

"ಆಂಟಿಬಯಾಟಿಕ್."

"ಯಾವುದು?" ಈ ಸಲ ಕೇಳಿದ್ದು ಇಂಗಾ. ವೈದ್ಯೆಯ ಮುಂದೆ ಇಂಥ ಸುಳ್ಳು ಹೇಳುವ ದಡ್ಡಿ ನಾನೊಬ್ಬಳೇ ಇರಬೇಕು.

"ಅದೇ... ಬಿಳೀದು. ಉದ್ದಕ್ಕಿರತ್ತೆ."

ಇಂಗಾ ನನ್ನ ಮುಖವನ್ನು ನೋಡಿದಳು. ಬಾಯಿ ತೆರೆದು ಕೂತ ರೋಗಿಯನ್ನು ನೋಡುವ ಹಾಗೆ, ಆತುರವಿಲ್ಲದೆ. ಆಮೇಲೆ ರುಸುದಾನ್ ಕಡೆ ತಿರುಗಿದಳು. "ಅದಾ? ಅದರ ಜೊತೆ ವೈನ್ ಮುಟ್ಟಿದ್ರೆ ಆಂಬುಲೆನ್ಸ್‌ನಲ್ಲೇ ವಾಪಸ್ ಹೋಗ್ಬೇಕು. ಸುಮ್ನಿರು ನೀನು."

"ಎಷ್ಟು ದಿನ ತಗೋಬೇಕು?"

"ಇವತ್ತು ಮುಗಿಯತ್ತೆ," ಅಂದುಬಿಟ್ಟೆ. ಯಾಕೆ ಹಾಗೆ ಅಂದೆ? ರುಸುದಾನ್‌ಳ ಮುಖ ಅಷ್ಟು ಸಪ್ಪಗಾಗಿತ್ತು, ಅದಕ್ಕೆ.

"ಸದ್ಯ!" ಅವಳು ಮೇಜು ಬಡಿದಳು. "ನಾಳೆ ಬದ್ರಿ ಮಾಮನ ಮನೆ. ಅಮ್ಮನ ಲೋಟ ಅಲ್ಲೇ ಅಂತ ಮೊದಲೇ ಗೊತ್ತು ಮಾಡಿದೀನಿ. ನಿನ್ನ ಮಾತ್ರೆಗೂ ಗೊತ್ತಿತ್ತು ನೋಡು."

ಇಂಗಾ ತಟ್ಟೆ ನೋಡುತ್ತಾ ರೊಟ್ಟಿ ಮುರಿಯುತ್ತಿದ್ದಳು.

ಅವರು ಏಳುವ ಸದ್ದು ಕೇಳುತ್ತಿದೆ. ಇವತ್ತೇ.

ಅಕ್ಟೋಬರ್ ೧೨, ಭಾನುವಾರ ಬೆಳಿಗ್ಗೆ

ಹೇಗೆ ಶುರು ಮಾಡಲಿ.

ಬದ್ರಿ ಮಾಮ ಎಪ್ಪತ್ತು ದಾಟಿದವರು, ರುಸುದಾನ್‌ಳ ಅಪ್ಪನ ಸೇನೆಯ ಕಾಲದ ಗೆಳೆಯ. ಮನೆಯ ಹಿಂದೆ ಅವರ ಮರಾನಿ, ವೈನ್ ಮಾಡಿ ಇಡುವ ಕೋಣೆ. ನೆಲದಲ್ಲಿ ಕತ್ತಿನವರೆಗೂ ಹೂತ ಮಣ್ಣಿನ ಗುಡಾಣಗಳು. ಮೊನ್ನೆಯಷ್ಟೇ ತುಳಿದ ದ್ರಾಕ್ಷಿ ಒಂದೆರಡರಲ್ಲಿ ಕುದಿಯುತ್ತಿತ್ತು. ಒಲೆಯಿಲ್ಲದೆ, ತನ್ನಷ್ಟಕ್ಕೆ ತಾನೇ. ಕಿವಿಗೊಟ್ಟರೆ ಪಿಸುಗುಟ್ಟುವ ಸದ್ದು. ಒಳಗೆ ಕಾಲಿಟ್ಟಾಗಲೇ ವಾಸನೆ ಗಂಟಲಿನ ತನಕ ಇಳಿಯಿತು. ಹೊರಗೆ ಬಂದು ವಾಲ್‌ನಟ್ ಮರ ಹಿಡಿದು ನಿಂತೆ.

"ಮಗಳಿಗೆ ತಲೆ ಸುತ್ತಿತೇನೋ," ಮಾಮನ ಹೆಂಡತಿ ತ್ಸಿರಾ ಓಡಿ ಬಂದರು. "ಹೊಸ ರಸದ ಗಾಳಿ ಹಾಗೇ ಕಣಮ್ಮ, ಮೂಗಿಂದಾನೇ ಏರತ್ತೆ. ಊಟ ಮಾಡು, ಸರಿ ಹೋಗತ್ತೆ."

ಮಾಮ ನಮಗೋಸ್ಕರ ಹೋದ ವರ್ಷದ ಗುಡಾಣ ತೆರೆದರು. ಮೇಲಿನ ಮಣ್ಣು ಕೆರೆದು, ಮುಚ್ಚಳದ ಸುತ್ತಲಿನ ಜೇಡಿಯನ್ನು ಬೆರಳಿನಿಂದ ಬಿಡಿಸಿ, ಮುಚ್ಚಳ ಸರಿಸಿ, ಉದ್ದ ಹಿಡಿಯ ಸೋರೆ ಬುರುಡೆಯಿಂದ ಮೊಗೆದು ಹೂಜಿಗೆ ತುಂಬಿದರು. ಕಪ್ಪು ಎನ್ನುವಷ್ಟು ಕೆಂಪು. ಮರದ ಕೆಳಗೆ ಮೇಜು. ಬೆಳ್ಳುಳ್ಳಿ ಹಾಲಿನ ಕೋಳಿ, ಕಾಳು ತುಂಬಿದ ರೊಟ್ಟಿ, ಹೊಗೆ ಹಾಕಿದ ಹಂದಿ ಮಾಂಸ, ಟೊಮೆಟೊ, ತುಳಸಿ. ತಾರಿಯೆಲ್ ತನ್ನ ನಿಂಬೆ ಸೋಡಾ ಹಿಡಿದು ಮೂಲೆಯಲ್ಲಿ ಕೂತ. ನಾನು ಅವನ ಪಕ್ಕ ಕೂರಲು ಹೋದೆ. ರುಸುದಾನ್ ತೋಳು ಹಿಡಿದು ಎಳೆದು ತನ್ನ ಪಕ್ಕ ಕೂರಿಸಿಕೊಂಡಳು.

ಮೇಜಿನ ಹಿರಿತನ ಮಾಮನದೇ. ಅವರು ನಿಂತು ಹಾರೈಸುವ ತನಕ ಯಾರೂ ಲೋಟ ಮುಟ್ಟುವಂತಿಲ್ಲ. ಅವರು ಹಾರೈಸಿದ ಮೇಲೆ ಮುಟ್ಟದೆ ಇರುವಂತೆಯೂ ಇಲ್ಲ. ಮೊದಲು ಶಾಂತಿಗೆ. ಲೋಟ ಎತ್ತಿದೆ, ತುಟಿಗೆ ತಾಗಿಸಿದೆ, ಬಾಯಿ ಬಿಡಲಿಲ್ಲ. ಇಳಿಸಿದೆ. ತುಟಿಯನ್ನು ರೊಟ್ಟಿಯಿಂದ ಒರೆಸಿದೆ. ಆ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಅದನ್ನು ತಿನ್ನಲೂ ಆರೆ, ಬಿಸಾಡಲೂ ಆರೆ. ಎರಡನೆಯದು ನೆಲಕ್ಕೆ, ನಾಡಿಗೆ. ಮತ್ತೆ ಹಾಗೇ. ಮೂರನೆಯದು ನಮಗೆ, ಅತಿಥಿಗಳಿಗೆ. ಈ ಸಲ ತುಟಿ ಸ್ವಲ್ಪ ಸಡಿಲವಾಯಿತು. ಹಲ್ಲು ಕಚ್ಚಿ ಹಿಡಿದೆ. ನಾಲಿಗೆ ಹಲ್ಲಿನ ಹಿಂದೆ ಬಂದು ಕಾಯುತ್ತಿತ್ತು, ಬಾಗಿಲಿಗೆ ಬಂದ ನಾಯಿಯ ಹಾಗೆ.

"ಮಗಳೇ, ನಿನ್ನ ಲೋಟ ಇಳಿದೇ ಇಲ್ಲ," ಮಾಮ ನಕ್ಕರು. "ನನ್ನ ವೈನ್ ಹುಳೀನಾ?"

"ಅವಳು ನಿಧಾನ ಮಾಮ. ನಿಮ್ಮೂರಿನವಳ ಹಾಗೆ," ಇಂಗಾ ಹೇಳಿದಳು.

ನಾಲ್ಕನೆಯದು ಹೋದವರಿಗೆ. ಎಲ್ಲರೂ ಎದ್ದು ನಿಂತರು. ರುಸುದಾನ್ ಮಾತಾಡಿದಳು. ಯಾವಾಗಲೂ ಹರಟುವವಳು, ನಾಲ್ಕೇ ಮಾತು ಆಡಿದಳು. ವರ್ಷದಲ್ಲಿ ಮೊದಲ ಸಲ ಅಮ್ಮನ ಹೆಸರಲ್ಲಿ ಲೋಟ ಎತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇನ್ನು ಮುಂದಿನದು ಪಿಕ್ರಿಯಾ ಹೇಳ್ತಾಳೆ. ನಮ್ಮಮ್ಮ ಅವಳಿಗೂ ಅಮ್ಮನೇ."

ಹೀಗೆ ಒಬ್ಬರು ತಮ್ಮ ಹಾರೈಕೆಯನ್ನು ನಿಮ್ಮ ಕೈಗೆ ದಾಟಿಸಿದರೆ ನೀವು ಅದನ್ನು ಮುಗಿಸಬೇಕು, ಲೋಟವನ್ನೂ ಮುಗಿಸಬೇಕು. ತಳ ಕಾಣುವವರೆಗೆ.

ನನಗೆ ಅಷ್ಟು ಖಚಿತವಾಗಿ ಇನ್ನೇನೂ ಗೊತ್ತಿರಲಿಲ್ಲ: ಈ ಸಲ ಆ ಲೋಟ ಎತ್ತಿದರೆ ಕುಡಿಯುತ್ತೇನೆ. ಇದನ್ನು ಕುಡಿದರೆ ಮುಂದಿನದನ್ನು, ನಾಳೆಯದನ್ನು, ಮನೆಯಲ್ಲಿ ಒಬ್ಬಳೇ ಕುಡಿಯುವುದನ್ನು. ಕೈ ಪಕ್ಕಕ್ಕೆ ಸರಿದು ನೀರಿನ ಲೋಟ ಎತ್ತಿತು.

ಹೇಳಿದೆ. "ಕರೆಂಟಿಲ್ಲದ ಚಳಿಗಾಲ ಅದು. ನಾನು ಜೆಸ್ತಫೋನಿಯಿಂದ ಓದಕ್ಕೆ ಬಂದವಳು, ಹಾಸ್ಟೆಲ್‌ನಲ್ಲಿ ಒಲೇನೂ ಇಲ್ಲ. ಲಮಾರಾ ಚಿಕ್ಕಮ್ಮ ಬೆಳಗಿನ ಜಾವದಿಂದ ಸಾಲಲ್ಲಿ ನಿಂತು ಒಂದೇ ಒಂದು ರೊಟ್ಟಿ ತರೋರು. ಮನೇಲಿದ್ದಿದ್ದು ಮೂರು ಜನ. ಅವರು ಅದನ್ನ ನಾಲ್ಕು ಮಾಡೋರು. ಉಳೀತೀಯಾ, ಊಟಕ್ಕಿರ್ತೀಯಾ ಅಂತ ನನ್ನ ಒಂದು ದಿನಾನೂ ಕೇಳಲಿಲ್ಲ. ನಾನು ಬಾಗಿಲಿಗೆ ಬರೋ ಹೊತ್ತಿಗೆ ನಾಲ್ಕನೇ ತುಂಡು ತಟ್ಟೇಲಿರೋದು..."

ಅಲ್ಲಿಗೆ ನಿಂತೆ, ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಕೈಯ ಮೇಲಿತ್ತು.

ಬದ್ರಿ ಮಾಮ ಮೆಲ್ಲಗೆ ಹೇಳಿದರು: "ಮಗಳೇ, ಲೋಟ ತಪ್ಪಿದೆ."

"ತಪ್ಪಿಲ್ಲ ಮಾಮ," ರುಸುದಾನ್ ಅಂದಳು. "ಅವಳು ನೋಡೇ ಎತ್ತಿದ್ದು." ಆಮೇಲೆ ನನಗೆ: "ಆಗದವರಿಗೆ ಬಿಯರ್ ಎತ್ತಿ ಹಾರೈಸ್ತಾರೆ, ಅದೂ ಒಂದು ಮರ್ಯಾದೆ. ನೀರು ಯಾರಿಗೆ ಎತ್ತೋದು ಪಿಕೋ? ಹೇಳು. ನಮ್ಮಮ್ಮ ನಿಂಗೆ ಏನು ಮಾಡಿದ್ಲು?"

"ಮಾತ್ರೆ..." ಅಂದೆ.

"ಮಾತ್ರೆ ನಿನ್ನೆ ಮುಗೀತು."

ಅವಳು ತನ್ನ ಲೋಟವನ್ನು ಕುಡಿದಳು, ಒಂದೇ ಗುಟುಕಿಗೆ. ಮಗುಚಿ ತಳ ತೋರಿಸಿ ಮೇಜಿನ ಮೇಲಿಟ್ಟು ದ್ರಾಕ್ಷಿ ಸಾಲುಗಳ ಕಡೆ ನಡೆದು ಹೋದಳು. ತ್ಸಿರಾ ಅವಳ ಹಿಂದೆ ಹೋದರು. ಮಾಮ ನನ್ನ ತಟ್ಟೆಗೆ ಕೋಳಿ ಬಡಿಸಿದರು. ಪಾಪ, ಅವರಿಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಆಮೇಲೆ ರುಸುದಾನ್ ಬಂದು ಕೂತಳು, ಎಲ್ಲರ ಜೊತೆ ಹಾಡಿದಳು ಕೂಡ. ನನ್ನ ಜೊತೆ ಮಾತಿಲ್ಲ. ನಾನು ಕುಡಿಯಲಿಲ್ಲ. ಇದನ್ನು ಬರೆದಾಗ ಸಮಾಧಾನವಾಗಬೇಕಿತ್ತು. ಆಗುತ್ತಿಲ್ಲ.

ಅಕ್ಟೋಬರ್ ೧೩, ಸೋಮವಾರ

ಆಫೀಸಿಗೆ ಹೋಗಲಿಲ್ಲ. ಅಡಿಗೆಮನೆಗೂ ಹೋಗುತ್ತಿಲ್ಲ. ಈ ಕೋಣೆಯಲ್ಲೇ ಕೂತಿದ್ದೇನೆ, ಬಾಗಿಲು ಹಾಕಿಕೊಂಡು.

ನಿನ್ನೆ ಬರುವಾಗ ರುಸುದಾನ್ ಮುಂದಿನ ಸೀಟಿನಲ್ಲಿ ಕೂತಳು. ಶಾಓರಿ ಸರೋವರದ ಹತ್ತಿರ ತಾರಿಯೆಲ್ ಗಾಡಿ ನಿಲ್ಲಿಸಿ ಟೀ ಕುಡಿಯಲು ಹೋದ. ಇಂಗಾ ನನ್ನ ಬೆನ್ನಿಗೆ ಒಂದು ಸಣ್ಣ ತಳ್ಳು ಕೊಟ್ಟು ತಾನೂ ಅವನ ಹಿಂದೆ ಹೋದಳು. ರುಸುದಾನ್ ನೀರಿನ ಅಂಚಿನಲ್ಲಿ ನಿಂತಿದ್ದಳು.

"ನಾನು ಕುಡಿಯೋದು ಬಿಟ್ಟಿದೀನಿ," ಅಂದೆ.

"ನೀನು ಯಾವತ್ತು ಕುಡೀತಿದ್ದೆ? ಎಲ್ಲರ ಹಾಗೆ ಎರಡು ಲೋಟ."

"ಅದು ನಿನ್ನ ಮುಂದೆ."

ಅವಳು ತಿರುಗಿದಳು. ನಾನು ಇನ್ನೇನೂ ಹೇಳಬೇಕಾಗಲಿಲ್ಲ.

"ಅದಕ್ಕೇನಾ ವರ್ಷದ ಊಟದ ದಿನ ಅಡಿಗೆಮನೇಲಿ ಪಾತ್ರೆ ತೊಳೀತಾ ಇದ್ದದ್ದು?"

"ಹೂಂ."

"ನಾನು ಬಂದವರಿಗೆಲ್ಲ ತೋರಿಸಿದೆ. ನೋಡಿ ನನ್ನ ಗೆಳತಿ, ಸ್ವಂತ ಮಗಳ ಹಾಗೆ ದುಡೀತಿದಾಳೆ ಅಂತ."

ಅವಳು ಕಾಲಿನಿಂದ ಒಂದು ಕಲ್ಲನ್ನು ನೀರಿಗೆ ತಳ್ಳಿದಳು.

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನಗ್ತಿದ್ದೆ."

ಅವಳು ಯೋಚಿಸಿದಳು. "ನಗ್ತಿದ್ದೆ," ಎಂದು ಒಪ್ಪಿಕೊಂಡು ವ್ಯಾನಿನ ಕಡೆ ನಡೆದಳು. ತ್ಬಿಲಿಸಿ ಬರುವವರೆಗೂ ಮತ್ತೆ ಮಾತಾಡಲಿಲ್ಲ. ಇಳಿಯುವಾಗ ತಿರುಗಿ ನೋಡಲಿಲ್ಲ.

ಕೊನೆಯಲ್ಲಿ ಇಳಿದವಳು ನಾನು. ತಾರಿಯೆಲ್ ಬ್ಯಾಗಿನ ಜೊತೆ ಇನ್ನೊಂದೇನೋ ಎತ್ತಿಕೊಂಡು ಮಹಡಿ ಹತ್ತಿದ. ಬೇಡವೆನ್ನುವಷ್ಟರಲ್ಲಿ ಅದು ನನ್ನ ಅಡಿಗೆಮನೆಯ ಮೇಜಿನ ಮೇಲಿತ್ತು. ದೊಡ್ಡ ಗಾಜಿನ ಜಾಡಿ, ತುಂಬಿ ತುಳುಕುವಷ್ಟು.

"ಬದ್ರಿ ಮಾಮ ಕೊಟ್ಟಿದ್ದು ಅಕ್ಕ. ಆ ಮಗಳ ಮನಸ್ಸಿಗೆ ಬೇಜಾರಾಗಿ ಹೋಯ್ತು, ಔಷಧಿ ಮುಗಿದ ಮೇಲೆ ಕುಡೀಲಿ ಅಂದ್ರು. ಉಳಿದವರಿಗೆ ಚಿಕ್ಕದು, ನಿಮಗೆ ಮಾತ್ರ ದೊಡ್ಡದು."

ಇದನ್ನು ಕೆಳಗೆ ತೆಗೆದುಕೊಂಡು ಹೋಗು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಥ್ಯಾಂಕ್ಸ್ ಹೇಳಿದೆ, ಟೀ ಬೇಕಾ ಎಂದು ಕೇಳಿದೆ, ಬಾಗಿಲು ಹಾಕಿದೆ.

ಜಾಡಿಯ ಮೇಲೆ ಟವೆಲ್ ಹೊದಿಸಿದೆ. ಟವೆಲ್ ಹೊದಿಸಿದ ಜಾಡಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಕೋಣೆಯಲ್ಲಿ ಯಾರೋ ಕೂತ ಹಾಗೆ.

ಚೆಲ್ಲಬಹುದು. ಆದರೆ ಚೆಲ್ಲಲು ಮುಚ್ಚಳ ತೆಗೆಯಬೇಕು.

ಒಂದು ಸಲ ಹೋಗಿ ನೋಡಿದೆ. ಮುಚ್ಚಳ ಬಿಗಿಯಾಗಿದೆ. ನೋಡಿದೆ ಅಷ್ಟೆ.

ಇನ್ನೊಂದು ಸಲ ಹೋದೆ.

ಈಗ ಗಡಿಯಾರ ನೋಡಬಾರದೆಂದು ಬರೆಯುತ್ತಿದ್ದೇನೆ. ಬರೆದರೂ ಪದಗಳು ಆ ಕಡೆಗೇ ಎಳೆಯುತ್ತಿವೆ. ಇಂಗಾಗೆ ಫೋನ್ ಮಾಡಲೇ? ಅವಳು ಬರುತ್ತಾಳೆ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಅದಕ್ಕೇ ಬೇಡ.

ರುಸುದಾನ್‌ಗೆ ಮಾಡಿದೆ. "ಮಾಮ ಕೊಟ್ಟ ಜಾಡಿ ನನ್ನ ಅಡಿಗೆಮನೇಲಿದೆ," ಅಂದೆ. ಅಷ್ಟೇ ಹೇಳಲಾಗಿದ್ದು.

ಆ ಕಡೆ ಉಸಿರಿನ ಸದ್ದು ಕೇಳಿತು. ಆಮೇಲೆ ಫೋನ್ ಕಟ್ಟಾಯಿತು.

ಅಕ್ಟೋಬರ್ ೧೪, ಮಂಗಳವಾರ. ಹಬ್ಬದ ರಜೆ

ರುಸುದಾನ್‌ಳ ಕೂದಲು ಎಂಥ ಬಣ್ಣಕ್ಕೆ ತಿರುಗಿದೆ ಎಂದರೆ, ನೇರಳೆ ಬದನೆಕಾಯಿಯೂ ನಾಚಬೇಕು. ತಪ್ಪು ನನ್ನದೇ ಅಂತೆ. ನಿನ್ನೆ ನಾನು ಫೋನ್ ಮಾಡಿದಾಗ ಬಣ್ಣ ಹಚ್ಚಿಕೊಂಡು ಕೂತಿದ್ದಳು. ಅರ್ಧ ತಲೆಗೆ ಪ್ಲಾಸ್ಟಿಕ್ ಚೀಲ, ಹೆಗಲಿಗೆ ಹಳೆ ಟವೆಲ್, ಕಾಲಿಗೆ ಮನೆಯ ಚಪ್ಪಲಿ. ಹಾಗೇ ಟ್ಯಾಕ್ಸಿ ಹತ್ತಿ ಬಂದಿದ್ದಳು. ಡ್ರೈವರ್ ದಾರಿಯುದ್ದಕ್ಕೂ ಶಿಲುಬೆ ಸನ್ನೆ ಮಾಡಿಕೊಂಡನಂತೆ.

ಒಳಗೆ ಬಂದವಳೇ ಸೀದಾ ಅಡಿಗೆಮನೆಗೆ ಹೋಗಿ ಜಾಡಿಯ ಮುಚ್ಚಳ ಮುಟ್ಟಿ ನೋಡಿದಳು.

"ತೆಗೆದಿಲ್ಲ," ಅಂದೆ.

"ಕೇಳಿದ್ನಾ ನಾನು? ತಲೆ ತೊಳೀಬೇಕು, ಬಿಸಿನೀರು ಬಿಡು."

ಸಿಂಕಿನ ಮುಂದೆ ಬಗ್ಗಿ ನಿಂತಳು, ನಾನು ನೀರು ಹಾಕಿದೆ. ತಲೆ ಕೆಳಗೆ ಹಾಕಿಕೊಂಡೇ ಬೈಯುತ್ತಿದ್ದಳು. "ಮೂವತ್ತು ವರ್ಷ! ಮೂವತ್ತು ವರ್ಷದಲ್ಲಿ ನಂಗೆ ನೀನು ಹೇಳದೆ ಇದ್ದಿದ್ದು ಇದೊಂದೇನಾ, ಇನ್ನೂ ಇದ್ಯಾ? ಕಣ್ಣಿಗೆ ಹೋಯ್ತು ಕಣೇ, ನೋಡಿ ಹಾಕು!"

"ಚರಂಡಿಗೆ ಸುರಿದುಬಿಡೋಣ್ವಾ?" ಅಂತ ಕೇಳಿದೆ.

ಅವಳು ಸಟ್ಟನೆ ತಲೆ ಎತ್ತಿದಳು. ಗೋಡೆಯೆಲ್ಲ ನೇರಳೆ. "ಬದ್ರಿ ಮಾಮನ ವೈನನ್ನ? ಚರಂಡಿಗೆ? ಅಮ್ಮ ಎದ್ದು ಬಂದು ಇಬ್ಬರಿಗೂ ಬಾರಿಸ್ತಾಳೆ." ಆಮೇಲೆ, ತಲೆ ಒರೆಸಿಕೊಳ್ಳುತ್ತಾ: "ಇದನ್ನ ನಾನು ತಗೊಂಡು ಹೋಗ್ತೀನಿ. ನಾಳೆ ಹನ್ನೊಂದಕ್ಕೆ ಅಮ್ಮನ ಹತ್ರ ಬಾ."

ಹೋದೆ. ರಜೆಯಾದ್ದರಿಂದ ಸ್ಮಶಾನದಲ್ಲಿ ಜನವಿತ್ತು, ಬೇಲಿಗಳ ಒಳಗೆ ಪುಟ್ಟ ಮೇಜುಗಳ ಸುತ್ತ ಕೂತು ತಿನ್ನುತ್ತಿದ್ದರು. ಲಮಾರಾ ಚಿಕ್ಕಮ್ಮನ ಕಪ್ಪು ಕಲ್ಲಿನ ಮೇಲೆ ಅವರ ಮುಖ ಕೊರೆದಿದ್ದಾರೆ, ತೀರಾ ಎಳೆ ಮುಖ. ಈಚಿನ ಫೋಟೊ ಸಿಗಲಿಲ್ಲವಂತೆ. ರುಸುದಾನ್ ಕಲ್ಲು ಒರೆಸಿದಳು, ಜಾಡಿಯ ಮುಚ್ಚಳ ತಿರುಗಿಸಿದಳು. ಒಂದು ಸಣ್ಣ ಬಟ್ಟಲಿಗೆ ತನಗೆ ಹಾಕಿಕೊಂಡಳು. ನಂತರ ಜಾಡಿಯನ್ನು ನನ್ನ ಎರಡು ತೋಳಿಗೆ ಕೊಟ್ಟಳು.

"ಸುರಿ."

ತಲೆಯ ಭಾಗದ ಮಣ್ಣಿಗೆ ಸುರಿದೆ. ಮಣ್ಣು ಒಣಗಿತ್ತು, ಗಟಗಟ ಕುಡಿಯಿತು.

"ಅಮ್ಮಾ, ಇದು ಪಿಕ್ರಿಯಾದು," ರುಸುದಾನ್ ಕಲ್ಲಿಗೆ ಹೇಳಿದಳು. "ಅವಳು ಇನ್ಮೇಲೆ ಕುಡಿಯಲ್ಲ. ಅವಳ ಪಾಲೂ ನಿಂದೇ. ನನ್ನ ಕೇಳಬೇಡ, ನಂಗೂ ಈಗಲೇ ಗೊತ್ತಾಗಿದ್ದು." ಬಟ್ಟಲು ಖಾಲಿ ಮಾಡಿ ಮೂಗು ಒರೆಸಿಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಬೆಂಚಿನ ಮೇಲೆ ಕೂತೆವು. ಅವಳು ನನ್ನ ಕೈ ಹಿಡಿದುಕೊಂಡು, ಇದ್ದ ಒಂದೇ ರೊಟ್ಟೀನ ನಾಲ್ಕು ಮಾಡ್ತಿದ್ಲು ಅಂತ ನನಗೆ ಗೊತ್ತೇ ಇರಲಿಲ್ಲ ಕಣೇ ಅಂದಳು. ಚಿಕ್ಕಮ್ಮನ ಪಾಲಿನ ತುಂಡು ಎಷ್ಟು ಚಿಕ್ಕದಾಗಿರುತ್ತಿತ್ತೋ, ಅವರು ಕತ್ತಲಲ್ಲಿ ತಿನ್ನುತ್ತಿದ್ದರು, ಯಾರು ನೋಡಿದರು.

ಜಾಡಿಯಲ್ಲಿ ಇನ್ನೂ ಮುಕ್ಕಾಲು ಉಳಿದಿತ್ತು.

"ಅಮ್ಮನಿಗೆ ಇಷ್ಟು ಕೊಟ್ರೆ ಹಾಡಕ್ಕೆ ಶುರು ಮಾಡ್ತಾಳೆ," ರುಸುದಾನ್ ಎದ್ದಳು. "ನೆರೆಯವರಿಗೂ ಕೊಡೋಣ. ಒಬ್ಬಳೇ ಕುಡಿದ್ಲು ಅಂತ ಅವರು ಆಡಿಕೊಳ್ಳಬಾರದು."

ಬಲಗಡೆ ಬಸ್ ಡ್ರೈವರ್ ಒಬ್ಬ, ಕಲ್ಲಿನಲ್ಲೂ ಸ್ಟಿಯರಿಂಗ್ ಹಿಡಿದಿದ್ದ. ಅವನಿಗೆ ಬೇಡವೇನೋ ಅಂದೆ. ಈಗ ಡ್ಯೂಟಿ ಇಲ್ಲ, ಹಾಕು ಅಂದಳು. ಅವನ ಆಚೆ ಗಣಿತದ ಮೇಷ್ಟ್ರು. ಆಮೇಲೆ ಅಕ್ಕಪಕ್ಕ ಮಲಗಿದ ಅಕ್ಕತಂಗಿಯರು, ಅವರಿಗೆ ಜಗಳವಾಗದ ಹಾಗೆ ಸಮ ಸಮ. ರುಸುದಾನ್ ಪ್ರತಿಯೊಬ್ಬರಿಗೂ ಒಂದೊಂದು ಮಾತು ಹೇಳುತ್ತಿದ್ದಳು, ನಾನು ಜಾಡಿ ಹೊತ್ತು ಹಿಂದೆ ಹಿಂದೆ. ಮೇಲಿನ ಸಾಲಿನಲ್ಲಿ ಒಂದು ಕಲ್ಲಿನ ಹೆಸರು ಅಳಿಸಿಹೋಗಿತ್ತು. "ಇವನಿಗೆ ನೀನು ಹೇಳು, ಓದಿದವಳು," ಅಂದಳು.

ಹೇಳಿದೆ. ಹೆಸರು ಗೊತ್ತಿಲ್ಲದವನಿಗೆ ಏನು ಹೇಳಬಹುದೋ ಅದನ್ನೆಲ್ಲ: ಅವನ ಬೆಳಗುಗಳು, ಅವನ ಬೂಟು, ಅವನನ್ನು ಕೂಗಿ ಕರೆದವರು. ಎಷ್ಟು ಹೊತ್ತು ಮಾತಾಡಿದೆನೋ.

"ಸಾಕು ಮಾರಾಯ್ತಿ," ರುಸುದಾನ್ ತಡೆದಳು. "ಬಾಯಾರಿಕೆಯಿಂದ ಇನ್ನೊಂದು ಸಲ ಸಾಯ್ತಾನೆ."

ಉಳಿದದ್ದೆಲ್ಲ ಅವನಿಗೆ ಹಾಕಿದೆ.

ಕೆಳಗೆ ಬರುವಾಗ ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿ ಕೊಂಡೆವು. ರುಸುದಾನ್ ನಾಳೆ ಸಂಜೆ ಬರುತ್ತಾಳಂತೆ, ಗೋಡೆಯ ನೇರಳೆ ಕಲೆ ಉಜ್ಜಲು. ಅವಳು ಉಜ್ಜುವುದಿಲ್ಲ, ಕೂತು ಮಾತಾಡುತ್ತಾಳೆ, ನಾನೇ ಉಜ್ಜಬೇಕು. ನನ್ನ ಬೂದು ಕೋಟಿನ ಎರಡೂ ತೋಳಿಗೆ ವೈನ್ ಚೆಲ್ಲಿತ್ತು. ಉಪ್ಪು ಹಾಕಿ ನೆನೆಹಾಕಿದ್ದೇನೆ. ಹೋಗದಿದ್ದರೆ ಕಂದು ಬಣ್ಣ ಹಾಕಿಸಬೇಕು, ಅದೂ ಚೆನ್ನಾಗಿರುತ್ತದೆ.